ಮಗುವಿನ ತಲೆಗೆ ‘ಕರೆಂಟ್’ ಕೊಡಿಸಿದರೆ ಮುಂದೆ ಲಕ್ವಾ ಹೊಡೆಯುತ್ತದೆಯೇ? ಅರ್ಧ ಸತ್ಯದ ಪೂರ್ತಿ ಕಥೆ

“ಮಗುವಿನ ತಲೆಗೆ ಕರೆಂಟ್ ಕೊಡಿಸಬೇಡಿ, ಮುಂದೆ ಲಕ್ವಾ ಹೊಡೆಯುತ್ತದೆ.” ಇಂಥ ಮಾತನ್ನು ನೀವೂ ಕೇಳಿರಬಹುದು. ಮಿದುಳಿನ ಗಡ್ಡೆಗೋ ರಕ್ತದ ಕ್ಯಾನ್ಸರ್‌ಗೋ ಚಿಕಿತ್ಸೆ ಪಡೆಯುತ್ತಿರುವ ಮಗು ಇರುವ ಮನೆಗೆ ಈ ಸಲಹೆ ನೋಡಲು ಬಂದ ನೆಂಟರ ಬಾಯಿಂದಲೂ ಬರುತ್ತದೆ, ಮೊಬೈಲ್‌ನಲ್ಲಿ ಬಂದು ಬೀಳುವ ಫಾರ್ವರ್ಡ್‌ಗಳಿಂದಲೂ ಬರುತ್ತದೆ. ಜನ ‘ಕರೆಂಟ್’ ಎಂದು ಕರೆಯುವುದು ರೇಡಿಯೋಥೆರಪಿಯನ್ನು. ಅದರಲ್ಲಿ ವಿದ್ಯುತ್ ಶಾಕ್ ಇಲ್ಲ. ಶಕ್ತಿಶಾಲಿ ಎಕ್ಸ್‌-ರೇ ಕಿರಣಗಳನ್ನು ಗಡ್ಡೆಯ ಮೇಲೆ ಗುರಿಯಿಟ್ಟು ಬಿಡಲಾಗುತ್ತದೆ, ಅಷ್ಟೇ.

ಈ ಮಾತು ಪೂರ್ತಿ ಸುಳ್ಳಲ್ಲ, ಅದೇ ಇದರ ತೊಂದರೆ. ಸುಳ್ಳಾಗಿದ್ದರೆ ಅಳಿಸಿ ಹಾಕಿ ಸುಮ್ಮನಿರಬಹುದಿತ್ತು. ಮಿದುಳಿಗೆ ರೇಡಿಯೇಷನ್ ಪಡೆದ ಮಕ್ಕಳಲ್ಲಿ ವರ್ಷಗಳ ನಂತರ ರಕ್ತನಾಳದ ತೊಂದರೆ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಎನ್ನುವುದು ನಿಜ. ಆದರೆ “ಆದ್ದರಿಂದ ಕೊಡಿಸಬೇಡಿ” ಎನ್ನುವುದು ತಪ್ಪು, ಮಗುವಿನ ಜೀವಕ್ಕೇ ಅಪಾಯ ತರುವ ತಪ್ಪು.

ಚುಟುಕು ಉತ್ತರ

ರೇಡಿಯೇಷನ್ ಆರು ವಾರದಲ್ಲಿ ಮುಗಿಯುತ್ತದೆ. ರಕ್ತನಾಳದ ಮೇಲೆ ಅದರ ಪರಿಣಾಮ ಕಾಣಿಸಲು ಕೆಲವರಲ್ಲಿ ಮೂರು–ನಾಲ್ಕು ವರ್ಷ ಬೇಕು, ಕೆಲವರಲ್ಲಿ ಇಪ್ಪತ್ತು–ಮೂವತ್ತು ವರ್ಷ. ಹೆಚ್ಚಿನವರಿಗೆ ಲಕ್ವಾ ಹೊಡೆಯುವುದೇ ಇಲ್ಲ. ಯಾರಿಗೆ ಅಪಾಯ ಹೆಚ್ಚು ಎನ್ನುವುದನ್ನು ಮೂರು ಸಂಗತಿಗಳು ಬಹುಮಟ್ಟಿಗೆ ಹೇಳುತ್ತವೆ: ಎಷ್ಟು ರೇಡಿಯೇಷನ್ ಸಿಕ್ಕಿದೆ, ಮಿದುಳಿನ ಯಾವ ಜಾಗಕ್ಕೆ ಸಿಕ್ಕಿದೆ, ಮುಂದೆ ಬಿಪಿ ಹೇಗಿದೆ. ಮೊದಲೆರಡು ಆಗಿಹೋದವು. ಮೂರನೆಯದು ನಿಮ್ಮ ಕೈಯಲ್ಲಿದೆ.

ರಕ್ತನಾಳಕ್ಕೆ ನಿಜವಾಗಿ ಏನಾಗುತ್ತದೆ?

ಬೀದರ್ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ಬೀದರ್ ಪಕ್ಕದ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆ. ಅದು ನೆಲದೊಳಗೆ ಸುರಂಗ ಕೊರೆದು ನೀರು ಹರಿಸುವ ವ್ಯವಸ್ಥೆ. ಕರೇಜ್ ಒಂದೇ ದಿನದಲ್ಲಿ ಮುಚ್ಚಿಹೋಗುವುದಿಲ್ಲ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಹೂಳು ಕೂರುತ್ತದೆ, ದಾರಿ ಕಿರಿದಾಗುತ್ತದೆ, ಕೊನೆಗೊಂದು ದಿನ ಆಚೆ ತುದಿಗೆ ನೀರು ಬರುವುದು ನಿಲ್ಲುತ್ತದೆ. ಮೇಲೆ ನಡೆದಾಡುವವರಿಗೆ ಅಲ್ಲಿಯವರೆಗೂ ಏನೂ ಗೊತ್ತಾಗುವುದಿಲ್ಲ.

ರಕ್ತನಾಳದ ಒಳಮೈಗೆ ತೆಳುವಾದ ಒಂದು ಪದರವಿದೆ. ರಕ್ತ ಜಾರಿಕೊಂಡು ಹರಿಯುವಂತೆ, ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಅದರ ಕೆಲಸ. ರೇಡಿಯೇಷನ್ ಗಡ್ಡೆಯ ಕೋಶಗಳನ್ನು ಕೊಲ್ಲುವಾಗ ದಾರಿಯಲ್ಲಿ ಸಿಕ್ಕ ಈ ಪದರಕ್ಕೂ ಏಟು ಬೀಳುತ್ತದೆ. ಮೈ ಅದನ್ನು ರಿಪೇರಿ ಮಾಡುತ್ತದೆ, ಆದರೆ ರಿಪೇರಿ ಮೊದಲಿನಷ್ಟು ನಯವಾಗಿರುವುದಿಲ್ಲ. ಗಾಯದ ಕಲೆಯಂತೆ ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ, ಒಳಗಿನ ದಾರಿ ಕಿರಿದಾಗುತ್ತದೆ. ವಯಸ್ಸಾದವರಲ್ಲಿ ಕೊಬ್ಬು ಕಟ್ಟಿ ನಾಳ ಕಿರಿದಾಗುವ ಕ್ರಿಯೆಯೇ ಇಲ್ಲಿ ಬೇಗ ಶುರುವಾಗಬಹುದು.

ಇದು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲನೆಯದು, ಮಿದುಳಿನ ತಳದಲ್ಲಿರುವ ದೊಡ್ಡ ನಾಳಗಳು ಕಿರಿದಾಗುವುದು. ಅಲ್ಲಿ ಪ್ರಮುಖ ನಾಳಗಳು ಒಂದನ್ನೊಂದು ಸೇರಿ ಉಂಗುರದಂತೆ ನಿಂತಿವೆ. ವೈದ್ಯರು ಅದನ್ನು ವಿಲ್ಲಿಸ್ ವರ್ತುಲ ಎನ್ನುತ್ತಾರೆ. ಕಣ್ಣಿನ ನರದ ಗಡ್ಡೆ, ಪಿಟ್ಯುಟರಿ ಗ್ರಂಥಿಯ ಬಳಿ ಬೆಳೆಯುವ ಕ್ರೇನಿಯೋಫ್ಯಾರಿಂಜಿಯೋಮಾ ಎಂಬ ಗಡ್ಡೆ ಈ ಉಂಗುರದ ಮಗ್ಗುಲಲ್ಲೇ ಇರುತ್ತವೆ. ಹಾಗಾಗಿ ಈ ಮಕ್ಕಳಲ್ಲಿ ಉಂಗುರಕ್ಕೂ ಹೆಚ್ಚು ಕಿರಣ ಬೀಳುತ್ತದೆ.

ಎರಡನೆಯದು, ದೊಡ್ಡ ನಾಳ ಮುಚ್ಚುತ್ತಾ ಬಂದಾಗ ಮಿದುಳು ಬದಲಿ ದಾರಿ ಹುಡುಕುವುದು. ಕೂದಲೆಳೆಯಂಥ ಸಣ್ಣ ಸಣ್ಣ ನಾಳಗಳು ಗೊಂಚಲಾಗಿ ಹುಟ್ಟುತ್ತವೆ. ಸ್ಕ್ಯಾನ್‌ನಲ್ಲಿ ಇದು ಹೊಗೆಯ ಸುರುಳಿಯಂತೆ ಕಾಣುವುದರಿಂದ ಜಪಾನಿನ ವೈದ್ಯರು 1960ರ ದಶಕದಲ್ಲಿ ಇದಕ್ಕೆ ಮೊಯಾಮೊಯಾ ಎಂದು ಹೆಸರಿಟ್ಟರು. ಈ ಸಣ್ಣ ನಾಳಗಳು ದುರ್ಬಲ. ಮಿದುಳಿಗೆ ಬೇಕಾದಷ್ಟು ರಕ್ತ ಒಯ್ಯಲಾರವು, ಕೆಲವೊಮ್ಮೆ ಒಡೆದೂ ಹೋಗುತ್ತವೆ.

ಮೂರನೆಯದು, ಮಿದುಳಿನೊಳಗೆ ಸಣ್ಣ ರಕ್ತನಾಳಗಳ ಗಂಟುಗಳು ಉಂಟಾಗುವುದು, ಅಲ್ಲಲ್ಲಿ ಚುಕ್ಕೆಯಷ್ಟು ರಕ್ತ ಒಸರುವುದು. ಹೆಚ್ಚಿನ ಸಲ ಇವು ಯಾವ ತೊಂದರೆಯನ್ನೂ ಕೊಡದೆ ಎಂಆರ್‌ಐನಲ್ಲಿ ಮಾತ್ರ ಕಾಣುತ್ತವೆ.

ಎಷ್ಟು ಜನರಿಗೆ? ಅಂಕಿ ಓದುವ ಬಗೆ

ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಮಾಹಿತಿ ಬಂದಿರುವುದು ಅಮೆರಿಕ ಮತ್ತು ಕೆನಡಾದಲ್ಲಿ ಬಾಲ್ಯದ ಕ್ಯಾನ್ಸರ್ ಗೆದ್ದವರನ್ನು ದಶಕಗಳಿಂದ ಹಿಂಬಾಲಿಸುತ್ತಿರುವ ಒಂದು ದೊಡ್ಡ ಅಧ್ಯಯನದಿಂದ. 2006ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಬಾಲ್ಯದಲ್ಲಿ ಮಿದುಳಿನ ಗಡ್ಡೆ ಬಂದು ಬದುಕುಳಿದವರಲ್ಲಿ ಪಾರ್ಶ್ವವಾಯುವಿನ ಅಪಾಯ ಅವರ ಒಡಹುಟ್ಟಿದವರಿಗಿಂತ 29 ಪಟ್ಟು. ರಕ್ತದ ಕ್ಯಾನ್ಸರ್ ಗೆದ್ದವರಲ್ಲಿ ಸುಮಾರು 6 ಪಟ್ಟು.

“29 ಪಟ್ಟು” ಎನ್ನುವುದನ್ನಷ್ಟೇ ಕತ್ತರಿಸಿ ಫಾರ್ವರ್ಡ್ ಮಾಡಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಯಾವುದರ 29 ಪಟ್ಟು? ಆರೋಗ್ಯವಂತ ಯುವಕರಲ್ಲಿ ಲಕ್ವಾ ತೀರಾ ಅಪರೂಪ. ಆ ಒಡಹುಟ್ಟಿದವರಲ್ಲಿ ಅದು ವರ್ಷಕ್ಕೆ ಲಕ್ಷಕ್ಕೆ 8 ಮಂದಿಯಷ್ಟಿತ್ತು. ಗಡ್ಡೆ ಗೆದ್ದವರಲ್ಲಿ ಲಕ್ಷಕ್ಕೆ ಸುಮಾರು 268. ಅಂದರೆ ಸಾವಿರ ಜನರಲ್ಲಿ ವರ್ಷಕ್ಕೆ ಮೂರಕ್ಕಿಂತ ಕಡಿಮೆ. ಎರಡು ಅಂಕಿಯೂ ನಿಜ. ‘ಪಟ್ಟು’ ಎಂದು ಕಂಡಾಗಲೆಲ್ಲ “ಎಷ್ಟರಲ್ಲಿ ಎಷ್ಟು?” ಎಂದು ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ವರ್ಷಗಳು ಕೂಡುತ್ತಾ ಹೋಗುತ್ತವೆ. ಅದೇ ಅಧ್ಯಯನದ 2013ರ ವರದಿ ಹೇಳುವಂತೆ, ತಲೆಗೆ 50 ಗ್ರೇ ಅಥವಾ ಹೆಚ್ಚು ರೇಡಿಯೇಷನ್ ಪಡೆದವರಲ್ಲಿ 10 ವರ್ಷದಲ್ಲಿ ಶೇ 1ರಷ್ಟು ಮಂದಿಗೆ ಪಾರ್ಶ್ವವಾಯು ಆಗಿತ್ತು, 30 ವರ್ಷ ಕಳೆಯುವಷ್ಟರಲ್ಲಿ ಶೇ 12ರಷ್ಟು ಮಂದಿಗೆ. ನೂರರಲ್ಲಿ 88 ಮಂದಿಗೆ ಆಗಲಿಲ್ಲ ಎನ್ನುವುದು ಸಮಾಧಾನ. ಹತ್ತು ವರ್ಷವಾದ ಮೇಲೂ ಅಪಾಯ ಮುಗಿಯುವುದಿಲ್ಲ, ಏರುತ್ತಲೇ ಹೋಗುತ್ತದೆ ಎನ್ನುವುದು ಎಚ್ಚರಿಕೆ.

ಗ್ರೇ ಎಂದರೆ ಕಿರಣದ ಪ್ರಮಾಣ ಅಳೆಯುವ ಮಾನ. ಮಿದುಳಿನ ಹಲವು ಗಡ್ಡೆಗಳಿಗೆ ದಿನಕ್ಕೆ 1.8 ಗ್ರೇಯಂತೆ 30 ಸಿಟ್ಟಿಂಗ್, ಒಟ್ಟು 54 ಗ್ರೇ ಕೊಡುತ್ತಾರೆ. ತಲೆಯ ಒಂದು ಸಿಟಿ ಸ್ಕ್ಯಾನ್‌ನಲ್ಲಿ ಮಿದುಳಿಗೆ ಸಿಗುವುದು ಇದರ ಸುಮಾರು ಸಾವಿರದಲ್ಲೊಂದು ಭಾಗ. ಆದ್ದರಿಂದ ಈ ಲೇಖನ ಓದಿ, ಮಗು ಬಿದ್ದು ತಲೆಗೆ ಪೆಟ್ಟಾದಾಗ ವೈದ್ಯರು ಹೇಳಿದ ಸಿಟಿ ಸ್ಕ್ಯಾನ್‌ಗೆ ಹೆದರಬೇಡಿ. ಮೊಬೈಲ್ ಟವರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದರ ತರಂಗಗಳು ಬೇರೆಯೇ ಜಾತಿಯವು.

ಇನ್ನೊಂದು ಮಾತು. ನ್ಯೂರೋಫೈಬ್ರೋಮಟೋಸಿಸ್-1 ಎಂಬ ಆನುವಂಶಿಕ ಕಾಯಿಲೆ ಇರುವ ಮಕ್ಕಳಲ್ಲಿ ಮೊಯಾಮೊಯಾ ಅಪಾಯ ಹೆಚ್ಚು. ಮೈಮೇಲೆ ಹಾಲು ಬೆರೆಸಿದ ಕಾಫಿ ಬಣ್ಣದ ಹಲವು ಮಚ್ಚೆಗಳಿರುವುದು ಈ ಕಾಯಿಲೆಯ ಒಂದು ಗುರುತು. ಮಗುವಿಗೆ ಅಂಥ ಮಚ್ಚೆಗಳಿದ್ದರೆ ಚಿಕಿತ್ಸೆ ಶುರುವಾಗುವ ಮೊದಲೇ ವೈದ್ಯರಿಗೆ ತೋರಿಸಿ. ಈ ಮಕ್ಕಳಲ್ಲಿ ಸಾಧ್ಯವಾದಷ್ಟೂ ರೇಡಿಯೇಷನ್ ತಪ್ಪಿಸಿ ಔಷಧದ ದಾರಿ ಹಿಡಿಯಲು ವೈದ್ಯರು ನೋಡುತ್ತಾರೆ.

ಹಾಗಾದರೆ ರೇಡಿಯೇಷನ್ ಬೇಡ ಎನ್ನಬಹುದೇ?

ಇಲ್ಲ. ಮಕ್ಕಳಲ್ಲಿ ಕಾಣುವ ಮೆಡುಲ್ಲೋಬ್ಲಾಸ್ಟೋಮಾ ಎಂಬ ಗಡ್ಡೆಯನ್ನೇ ನೋಡಿ. ಆಪರೇಷನ್ ಒಂದರಿಂದಲೇ ಅದು ವಾಸಿಯಾಗುವುದಿಲ್ಲ. ಆಪರೇಷನ್, ರೇಡಿಯೇಷನ್, ಕಿಮೋ ಮೂರೂ ಸೇರಿದಾಗ, ಒಳ್ಳೆಯ ಕೇಂದ್ರಗಳಲ್ಲಿ, ಗಡ್ಡೆ ಬೇರೆಡೆ ಹರಡದ ಮಕ್ಕಳಲ್ಲಿ ಹತ್ತಕ್ಕೆ ಎಂಟರಷ್ಟು ಮಂದಿ ಐದು ವರ್ಷ ದಾಟುತ್ತಾರೆ. ಇಪ್ಪತ್ತು ವರ್ಷದ ನಂತರ ಬರಬಹುದಾದ ತೊಂದರೆಗೆ ಹೆದರಿ, ಬೇಗನೆ, ಬಹುತೇಕ ಖಚಿತವಾಗಿ ಬರುವ ಸಾವನ್ನು ಆರಿಸಿಕೊಳ್ಳುವುದು ಜಾಣತನವಲ್ಲ.

ಈ ಅಪಾಯ ವೈದ್ಯರಿಗೂ ಗೊತ್ತು. ಅದಕ್ಕಾಗಿಯೇ ಚಿಕಿತ್ಸೆ ಬದಲಾಗುತ್ತಾ ಬಂದಿದೆ. ರಕ್ತದ ಕ್ಯಾನ್ಸರ್ ಬಂದ ಮಕ್ಕಳ ತಲೆಗೆ ಹಿಂದೆ ಮುನ್ನೆಚ್ಚರಿಕೆಯಾಗಿ ರೇಡಿಯೇಷನ್ ಕೊಡುತ್ತಿದ್ದರು. ಔಷಧಗಳನ್ನು ಸರಿಯಾಗಿ ಹೊಂದಿಸಿದರೆ ಅದನ್ನು ಕೈಬಿಡಬಹುದು ಎಂದು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆ 2009ರಲ್ಲಿ ತೋರಿಸಿತು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಕಿಮೋ ಕೊಟ್ಟು ರೇಡಿಯೇಷನ್ ಅನ್ನು ಆದಷ್ಟು ಮುಂದೂಡುತ್ತಾರೆ. ಸುತ್ತಲಿನ ಮಿದುಳಿಗೆ ಕಡಿಮೆ ಕಿರಣ ತಾಗುವ ಪ್ರೋಟಾನ್ ಚಿಕಿತ್ಸೆ 2019ರಲ್ಲಿ ಚೆನ್ನೈನ ಖಾಸಗಿ ಆಸ್ಪತ್ರೆಯೊಂದರಲ್ಲಿ, 2023ರಲ್ಲಿ ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ ಶುರುವಾಯಿತು. ಆದರೆ ಗಡ್ಡೆ ರಕ್ತನಾಳದ ಉಂಗುರಕ್ಕೆ ಅಂಟಿಕೊಂಡೇ ಇದ್ದರೆ ಪ್ರೋಟಾನ್ ಕೂಡ ನಾಳವನ್ನು ಪೂರ್ತಿ ಉಳಿಸಲಾರದು. “ಪ್ರೋಟಾನ್ ಸಿಗದಿದ್ದರೆ ಏನೂ ಬೇಡ” ಎಂದು ಕಾಯುತ್ತಾ ಕೂರುವುದು ಇನ್ನೂ ದೊಡ್ಡ ತಪ್ಪು.

ಮೇಲೆ ಹೇಳಿದ ಅಧ್ಯಯನದಲ್ಲಿದ್ದವರಲ್ಲಿ ಹೆಚ್ಚಿನವರು 1970–80ರ ದಶಕದಲ್ಲಿ ಚಿಕಿತ್ಸೆ ಪಡೆದವರು. ಇಂದು ಕಿರಣದ ಗುರಿ ಆಗಿನದಕ್ಕಿಂತ ಬಹಳ ನಿಖರ.

ಯಾವ ಲಕ್ಷಣ ಕಂಡರೆ ತಡ ಮಾಡಬಾರದು?

ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ತಟ್ಟನೆ ಓಲಾಡುವುದು, ಹಿಂದೆಂದೂ ಬಾರದಂಥ ತಲೆನೋವು, ಹೊಸದಾಗಿ ಫಿಟ್ಸ್. ಇವು ಅಜ್ಜನಿಗೆ ಬಂದರೆ ಲಕ್ವಾ ಎಂದು ಎಲ್ಲರಿಗೂ ಹೊಳೆಯುತ್ತದೆ. ಹದಿನೆಂಟರ ಹುಡುಗನಿಗೋ ಹುಡುಗಿಗೋ ಬಂದಾಗ ಹೊಳೆಯುವುದಿಲ್ಲ. ಬಾಲ್ಯದಲ್ಲಿ ತಲೆಗೆ ರೇಡಿಯೇಷನ್ ಆಗಿದ್ದರೆ ವಯಸ್ಸು ನೋಡಬೇಡಿ.

ಮಕ್ಕಳಲ್ಲಿ ಇನ್ನೊಂದು ವಿಚಿತ್ರ ಸೂಚನೆ ಇದೆ. ಮೊಯಾಮೊಯಾ ಇರುವ ಮಗು ಜೋರಾಗಿ ಅತ್ತಾಗ, ಬಲೂನ್ ಊದಿದಾಗ, ಬಿಸಿ ಚಹಾ ಆರಿಸಲು ಉಫ್ ಉಫ್ ಎಂದು ಊದಿದಾಗ, ಓಡಿ ಏದುಸಿರು ಬಿಟ್ಟಾಗ ಕೆಲವು ನಿಮಿಷ ಕೈ ಸೋಲಬಹುದು, ಮಾತು ನಿಲ್ಲಬಹುದು. ಜೋರಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮಿದುಳಿನ ನಾಳಗಳು ಇನ್ನಷ್ಟು ಬಿಗಿಯುತ್ತವೆ, ಮೊದಲೇ ಕಿರಿದಾದ ಕಡೆ ರಕ್ತ ಸಾಲದಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸರಿಹೋಗುವುದರಿಂದ ಮನೆಯವರು “ಶಾಲೆಗೆ ಹೋಗಲು ನಾಟಕ” ಎನ್ನುತ್ತಾರೆ, ಇಲ್ಲವೇ “ಗಾಳಿ ಸೋಕಿದೆ” ಎಂದು ತಾಯತ ಕಟ್ಟಿಸುತ್ತಾರೆ. ನಾಟಕವೂ ಅಲ್ಲ, ಗಾಳಿಯೂ ಅಲ್ಲ. ದೊಡ್ಡ ಲಕ್ವಾ ಬರುವ ಮೊದಲು ಸಿಗುವ ನೋಟಿಸ್ ಅದು. ಆ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡರೆ ವೈದ್ಯರಿಗೆ ಬಹಳ ಉಪಯೋಗ. ಮೈಯಲ್ಲಿ ನೀರು ಕಡಿಮೆಯಾದರೂ ಹೀಗಾಗಬಹುದು, ಆದ್ದರಿಂದ ಬೀದರ್ ಸೀಮೆಯ ಬೇಸಿಗೆಯಲ್ಲಿ, ವಾಂತಿ–ಭೇದಿಯ ಸಮಯದಲ್ಲಿ ಈ ಮಕ್ಕಳಿಗೆ ನೀರು ಕಡಿಮೆಯಾಗದಂತೆ ನೋಡಿಕೊಳ್ಳಿ.

ಬೇಗ ಗೊತ್ತಾದರೆ ದಾರಿ ಇದೆ. ಎಂಆರ್‌ಐ ಜೊತೆಗೆ ರಕ್ತನಾಳದ ಚಿತ್ರ ತೆಗೆದು ಕಿರಿದಾದ ಜಾಗ ಗುರುತಿಸುತ್ತಾರೆ. ಔಷಧ ಕೊಡುತ್ತಾರೆ. ಬೇಕಾದರೆ ನೆತ್ತಿಯ ಚರ್ಮದ ರಕ್ತನಾಳವನ್ನು ಮಿದುಳಿಗೆ ಜೋಡಿಸುವ ಆಪರೇಷನ್ ಮಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ.

ನಂಬಬಾರದ ಮೂರು ಫಾರ್ವರ್ಡ್‌ಗಳು

“ಲಕ್ವಾ ಹೊಡೆದಾಗ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ಕಿವಿ ಹಾಲೆಗೂ ಚುಚ್ಚಿ.” ಚೀನಾದ ಪ್ರೊಫೆಸರ್ ಹೆಸರಿನಲ್ಲಿ ವರ್ಷಗಳಿಂದ ಸುತ್ತುತ್ತಿರುವ ಈ ಮೆಸೇಜ್ ಸುಳ್ಳು. ಬೆರಳಿನಿಂದ ನಾಲ್ಕು ಹನಿ ರಕ್ತ ಹೋದರೆ ಮಿದುಳಿನ ನಾಳದ ತಡೆ ಬಿಡುವುದಿಲ್ಲ. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಸೂಜಿ ಹುಡುಕುವ ಹೊತ್ತಿನಲ್ಲಿ ಕೈತಪ್ಪುವುದು ಅವೇ. ಪಾರಿವಾಳದ ರಕ್ತ ಹಚ್ಚುವುದಕ್ಕೂ ಇದೇ ಮಾತು.

“ಲಕ್ವಾ ಎಂದು ಅನುಮಾನ ಬಂದರೆ ಕೂಡಲೇ ಆಸ್ಪಿರಿನ್ ಕೊಡಿ.” ಲಕ್ವಾದಲ್ಲಿ ಎರಡು ಬಗೆ: ನಾಳ ಕಟ್ಟಿಕೊಳ್ಳುವುದು, ನಾಳ ಒಡೆಯುವುದು. ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸುತ್ತದೆ. ಯಾವುದೆಂದು ಹೇಳುವುದು ಸ್ಕ್ಯಾನ್ ಮಾತ್ರ. ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಆಸ್ಪಿರಿನ್.

“ರೇಡಿಯೇಷನ್ ವಿಷ ಇಳಿಸುವ ಕಷಾಯ.” ಹೊರಗಿನ ಯಂತ್ರದಿಂದ ಕೊಡುವ ಕಿರಣ ಟಾರ್ಚ್ ಬೆಳಕಿನಂತೆ, ಯಂತ್ರ ನಿಂತ ಕ್ಷಣ ಅದೂ ಇಲ್ಲ. ಮೈಯಲ್ಲಿ ಉಳಿದಿರುವ ವಿಷವೇ ಇಲ್ಲದಾಗ ಇಳಿಸುವುದೇನನ್ನು? ಇದೇ ಕಾರಣಕ್ಕೆ ಮಗುವನ್ನು ಮುಟ್ಟಿದರೆ, ಪಕ್ಕದಲ್ಲಿ ಮಲಗಿಸಿಕೊಂಡರೆ ಯಾರಿಗೂ ಏನೂ ಆಗುವುದಿಲ್ಲ.

ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಒಂದು ವಿಶೇಷ ಸಮಸ್ಯೆ

ಹುಮನಾಬಾದ್ ಇರುವುದು ಹೈದರಾಬಾದ್–ಸೋಲಾಪುರ ಹೆದ್ದಾರಿಯ ಹೆಚ್ಚುಕಡಿಮೆ ಮಧ್ಯದಲ್ಲಿ. ಬಸವಕಲ್ಯಾಣ ಅದೇ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಇಲ್ಲಿನ ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ದಾರಿಗಳು ನಾಲ್ಕು ದಿಕ್ಕಿಗೆ ಒಡೆಯುತ್ತವೆ: ಪೂರ್ವಕ್ಕೆ ಹೈದರಾಬಾದ್‌ನ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ, ಪಶ್ಚಿಮಕ್ಕೆ ಸೋಲಾಪುರ, ಬಾರ್ಶಿ, ಮುಂಬೈನ ಟಾಟಾ, ದಕ್ಷಿಣಕ್ಕೆ ಕಲಬುರಗಿಯಲ್ಲಿರುವ ಕಿದ್ವಾಯಿ ಶಾಖಾ ಕೇಂದ್ರ ಅಥವಾ ಬೆಂಗಳೂರಿನ ಕಿದ್ವಾಯಿ, ಉತ್ತರಕ್ಕೆ ಬೀದರ್‌ನ ಬ್ರಿಮ್ಸ್.

ಆಪರೇಷನ್ ಒಂದು ರಾಜ್ಯದಲ್ಲಿ, ರೇಡಿಯೇಷನ್ ಇನ್ನೊಂದರಲ್ಲಿ ಆಗುವುದೂ ಉಂಟು. ಹದಿನೈದು ವರ್ಷದ ನಂತರ ಆ ಮಗು ದೊಡ್ಡವನಾಗಿ ತಲೆನೋವೆಂದು ಊರಿನ ದವಾಖಾನೆಗೆ ಹೋದಾಗ ಅಲ್ಲಿನ ವೈದ್ಯರಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ಹಳೆಯ ಫೈಲ್ ಮನೆ ಬದಲಾಯಿಸುವಾಗ ಕಳೆದುಹೋಗಿರುತ್ತದೆ, ಮಳೆಗೆ ನೆನೆದಿರುತ್ತದೆ, ಇಲ್ಲವೇ ಮದುವೆ ಮಾತುಕತೆಗೆ ಅಡ್ಡಿಯಾದೀತೆಂದು ಮನೆಯವರೇ ಮುಚ್ಚಿಟ್ಟಿರುತ್ತಾರೆ. ನಾಳಕ್ಕೆ ಕಿರಣ ಬಿದ್ದ ಸಂಗತಿ ಗೊತ್ತಿಲ್ಲದ ವೈದ್ಯರು ಸಾಮಾನ್ಯ ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಅವರನ್ನು ದೂರುವಂತಿಲ್ಲ.

ಆದ್ದರಿಂದ ಚಿಕಿತ್ಸೆ ಮುಗಿದ ದಿನ ಆಸ್ಪತ್ರೆಯಿಂದ ಒಂದು ಸಾರಾಂಶ ಪತ್ರ ಕೇಳಿ ಪಡೆಯಿರಿ. ಅದರಲ್ಲಿ ಇಷ್ಟು ಇರಲಿ: ಕಾಯಿಲೆಯ ಹೆಸರು, ಆಪರೇಷನ್ ದಿನಾಂಕ, ತಲೆಯ ಯಾವ ಭಾಗಕ್ಕೆ ರೇಡಿಯೇಷನ್, ಒಟ್ಟು ಎಷ್ಟು ಗ್ರೇ, ಎಷ್ಟು ಸಿಟ್ಟಿಂಗ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಕಿಮೋ ಔಷಧಗಳ ಹೆಸರು. ಫೋಟೋ ತೆಗೆದು ಇಬ್ಬರ ಮೊಬೈಲ್‌ನಲ್ಲಿ, ಇಮೇಲ್‌ನಲ್ಲಿ ಇಡಿ. ಮಗು ದೊಡ್ಡದಾದ ಮೇಲೆ ಅದಕ್ಕೂ ವಿಷಯ ತಿಳಿಸಿ, ಪತ್ರ ಕೈಗೆ ಕೊಡಿ. ಚಿಕಿತ್ಸೆ ಮುಗಿದವರನ್ನು ನೋಡಲೆಂದೇ ಟಾಟಾ ಆಸ್ಪತ್ರೆ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ಶುರುಮಾಡಿತು. ನೀವು ಚಿಕಿತ್ಸೆ ಪಡೆದ ಕಡೆಯೂ ಅಂಥದ್ದು ಇದೆಯೇ ಎಂದು ಕೇಳಿ. ಎಲ್ಲರಿಗೂ ವರ್ಷ ವರ್ಷ ಎಂಆರ್‌ಐ ಬೇಕೆಂದಿಲ್ಲ. ಅದನ್ನು ವೈದ್ಯರು ತೀರ್ಮಾನಿಸುತ್ತಾರೆ. ವರ್ಷಕ್ಕೊಮ್ಮೆ ಹೋಗಿ ತೋರಿಸಿಕೊಳ್ಳುವುದು ಬೇಕು.

ಕೈಯಲ್ಲಿರುವ ಅಸ್ತ್ರ: ಬಿಪಿ

2013ರ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದು ಫಾರ್ವರ್ಡ್ ಆಗುವುದೇ ಇಲ್ಲ. ಬಾಲ್ಯದ ಕ್ಯಾನ್ಸರ್ ಗೆದ್ದವರಲ್ಲಿ ಬಿಪಿ ಹೆಚ್ಚಿದ್ದವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು ನಾಲ್ಕು ಪಟ್ಟು. ಒಮ್ಮೆ ಲಕ್ವಾ ಆದವರಲ್ಲಿ ಹತ್ತು ವರ್ಷದೊಳಗೆ ಐವರಲ್ಲಿ ಒಬ್ಬರಿಗೆ ಮತ್ತೆ ಆಯಿತು, ಅದರಲ್ಲೂ ಬಿಪಿ ಇದ್ದವರಿಗೆ ಹೆಚ್ಚು ಎಂದು 2015ರ ವರದಿ ಹೇಳಿತು.

ಬಿದ್ದ ಕಿರಣವನ್ನು ಹಿಂತೆಗೆಯಲಾಗದು. ಆದರೆ ಬಿಪಿ ಅಳೆಯಲು ಐದು ನಿಮಿಷ ಸಾಕು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಣವೂ ಬೇಡ. “ಇಪ್ಪತ್ತರ ಹುಡುಗನಿಗೆ ಯಾವ ಬಿಪಿ” ಎನ್ನಬೇಡಿ. ಮಕ್ಕಳಲ್ಲಿ ಸರಿಯಾದ ಬಿಪಿ ವಯಸ್ಸಿಗೆ ತಕ್ಕಂತೆ ಬದಲಾಗುವುದರಿಂದ ಮಕ್ಕಳ ವೈದ್ಯರ ಬಳಿ ನೋಡಿಸಿ. ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ತಿಂಡಿ ಹಿತಮಿತವಾಗಿರಲಿ. ಬೀಡಿ, ಸಿಗರೇಟ್, ಗುಟ್ಕಾ ಈ ಮಕ್ಕಳ ಹತ್ತಿರವೂ ಸುಳಿಯಬಾರದು. ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯೂ ಆಗಲಿ. ಮದುವೆಯಾದ ಹೆಣ್ಣುಮಕ್ಕಳು ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲು ಹಳೆಯ ರೇಡಿಯೇಷನ್ ವಿಷಯ ವೈದ್ಯರಿಗೆ ಹೇಳಲಿ, ಏಕೆಂದರೆ ಕೆಲವು ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚಿಸುತ್ತವೆ.

ಲಕ್ಷಣ ಕಂಡ ದಿನ ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ, 108ಕ್ಕೆ ಕರೆ ಮಾಡಿ. ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗುವಂತೆ ನೋಡಿಕೊಳ್ಳಿ. ಬಾಯಿಗೆ ನೀರು, ಮಾತ್ರೆ ಹಾಕಬೇಡಿ. ವಯಸ್ಕರಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ಮಕ್ಕಳಲ್ಲಿ ಏನು ಕೊಡಬೇಕೆಂದು ತಜ್ಞರು ನಿರ್ಧರಿಸುತ್ತಾರೆ. ಹಳ್ಳಿಯಿಂದ ಹುಮನಾಬಾದ್‌ಗೆ, ಅಲ್ಲಿಂದ ಬೀದರ್‌ಗೋ ಕಲಬುರಗಿಗೋ ಹೋಗುವಷ್ಟರಲ್ಲಿ ಆ ಹೊತ್ತಿನ ದೊಡ್ಡ ಪಾಲು ದಾರಿಯಲ್ಲೇ ಕಳೆಯುತ್ತದೆ. ಎಲ್ಲಿಗೆ ಹೋಗಬೇಕೆಂದು ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

“ಮಕ್ಕಳ ಮಿದುಳಿನ ಗಡ್ಡೆಗೆ ವೈದ್ಯರು ಹೇಳಿದ ರೇಡಿಯೇಷನ್ ನಿಲ್ಲಿಸಬೇಡಿ. ಮುಗಿದ ಮೇಲೆ ಎಷ್ಟು ಗ್ರೇ, ಎಲ್ಲಿಗೆ ಎಂಬ ಪತ್ರ ಜೋಪಾನ ಮಾಡಿ. ವರ್ಷಕ್ಕೊಮ್ಮೆ ತೋರಿಸಿ, ಬಿಪಿ ನೋಡಿಸಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ವಯಸ್ಸು ಎಷ್ಟೇ ಇರಲಿ 108. ಸೂಜಿ ಬೇಡ, ಕಷಾಯ ಬೇಡ.”